ಬ್ರೇಕು ಬಿಡದ ಕಾರು

ದುಬೈಯ ಊದ್ ಮೇಥಾದ ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಬೇಸಿಗೆಯೂ ಒಂದೇ, ಚಳಿಗಾಲವೂ ಒಂದೇ. ಟ್ಯೂಬ್‌ಲೈಟಿನ ಬಿಳಿಚಿದ ಬೆಳಕು, ಸಿಮೆಂಟಿನ ಧೂಳು, ಮೇಲಿನ ಯಾವುದೋ ಪೈಪಿನಿಂದ ತೊಟ್ಟಿಕ್ಕುವ ಎಸಿ ನೀರು. ಆ ಡಿಸೆಂಬರಿನಲ್ಲಿ ಮೇಲೆ ಬಾಲ್ಕನಿಯಲ್ಲಿ ಕೂರುವಂಥ ಹವೆಯಿತ್ತು, ಕೆಳಗೆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳ ಗದ್ದಲವಿತ್ತು; ನಾನು ಮಾತ್ರ ಬೇಸ್‌ಮೆಂಟಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಟಾರ್ಚು ಹಿಡಿದು ಕೂತಿರುತ್ತಿದ್ದೆ. ನನ್ನ ಯಜಮಾನರು ಕಾರಿನೊಳಗೆ ತಲೆ ತೂರಿಸಿ ಹುಡುಕುತ್ತಿದ್ದರು. ಅವರು ಹೇಳಿದ ಕಡೆಗೆ ಬೆಳಕು ಬಿಡುವುದು ನನ್ನ ಡ್ಯೂಟಿ.

ಕಾರು ಇದ್ದ ಜಾಗದಿಂದ ಅಲುಗುತ್ತಿರಲಿಲ್ಲ. ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ರೇಡಿಯೋ ಹಾಡುತ್ತಿತ್ತು, ಆದರೆ ಹಿಂದಿನ ಎರಡು ಚಕ್ರಗಳನ್ನು ಪಾರ್ಕಿಂಗ್ ಬ್ರೇಕು ಕಚ್ಚಿ ಹಿಡಿದುಬಿಟ್ಟಿತ್ತು. ನಮ್ಮ ಹಳೆಯ ಕಾರುಗಳಲ್ಲಿ ಇದ್ದಂಥ, ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕು ಇದರಲ್ಲಿಲ್ಲ. ಗೇರಿನ ಪಕ್ಕದಲ್ಲಿ ಒಂದು ಪುಟ್ಟ ಸ್ವಿಚ್ಚು. ಎತ್ತಿದರೆ ಮೋಟಾರು ಬ್ರೇಕನ್ನು ಹಿಡಿಯುತ್ತದೆ, ಒತ್ತಿದರೆ ಬಿಡುತ್ತದೆ. ಅದನ್ನೆಲ್ಲ ನಡೆಸುವುದಕ್ಕೆ ಒಂದು ಚಿಕ್ಕ ಕಂಪ್ಯೂಟರ್ ಪೆಟ್ಟಿಗೆ. ಇವರ ಭಾಷೆಯಲ್ಲಿ ಮಾಡ್ಯೂಲ್. ಇವರು ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ಕಾರಿನ ಒಂದೊಂದೇ ಅಂಗವನ್ನು ಮಾತಾಡಿಸುತ್ತಿದ್ದರು. ಎಂಜಿನ್ ಉತ್ತರ ಕೊಡುತ್ತಿತ್ತು. ಗೇರ್‌ಬಾಕ್ಸ್ ಕೊಡುತ್ತಿತ್ತು. ಏರ್‌ಬ್ಯಾಗ್ ಕೂಡ ಕೊಡುತ್ತಿತ್ತು. ಪಾರ್ಕಿಂಗ್ ಬ್ರೇಕ್ ಎಂಬಲ್ಲಿ ಒತ್ತಿದರೆ ಪರದೆಯ ಮೇಲೆ ಸ್ವಲ್ಪ ಹೊತ್ತು ಏನೋ ತಿರುಗಿ ಕೊನೆಗೆ ಎರಡೇ ಪದ ಮೂಡುತ್ತಿತ್ತು: ನೋ ಕಮ್ಯುನಿಕೇಶನ್.

"ನಿನ್ನ ಹಾಗೆಯೇ ಇದು. ಸಿಟ್ಟು ಬಂದ್ರೆ ಬಾಯಿ ಬಿಡ್ಲಿಕ್ಕಿಲ್ಲ" ಎಂದರು ಮೊದಲ ದಿನ.

"ನಾನು ಬಾಯಿ ಬಿಟ್ಟಾಗ ನೀವು ಕೇಳಿದ್ದುಂಟಾ?" ಎಂದೆ.

ಆಗ ಇಬ್ಬರೂ ನಕ್ಕೆವು. ನಗಲಿಕ್ಕೆ ಇನ್ನೂ ಜಾಗವಿತ್ತು.

ವಿಷಯ ಬ್ರೇಕಿನದು ಮಾತ್ರವೇ ಆಗಿದ್ದರೆ ರಿಕವರಿ ಲಾರಿ ಕರೆಸಿ ಗ್ಯಾರೇಜಿಗೆ ಕಳುಹಿಸಿಬಿಡಬಹುದಿತ್ತು. ಆದರೆ ಅದಕ್ಕೆ ಮೊದಲೇ ಒಂದು ಮಾತು ನಡೆದಿತ್ತು. ನಮ್ಮ ಒಬ್ಬಳೇ ಮಗಳು ಅಬುಧಾಬಿಯ ಬನಿಯಾಸಿನಲ್ಲಿ ಇದ್ದಾಳೆ. ಅಪ್ಪ ಇನ್ನು ಕಾರು ಓಡಿಸುವುದು ಬೇಡ, ಇಬ್ಬರೂ ದುಬೈಯ ಮನೆ ಖಾಲಿ ಮಾಡಿ ತನ್ನಲ್ಲಿಗೆ ಬಂದುಬಿಡಬೇಕು ಎಂದು ಅವಳು ಆ ವರ್ಷ ಹಠ ಹಿಡಿದಿದ್ದಳು. ಕಾರಣ ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಮಧ್ಯಾಹ್ನ ಅವಳ ಮನೆಗೇ ಹೋಗುತ್ತಿದ್ದಾಗ, ನೂರಾರು ಸಲ ಹೋದ ಅದೇ ಹೈವೇಯಲ್ಲಿ, ಇವರು ಎಕ್ಸಿಟ್ ಬಿಟ್ಟು ಮುಂದೆ ಹೋದರು. ಇನ್ನೂ ಮುಂದೆ ಹೋದರು. ಆಮೇಲೆ ರಸ್ತೆಯ ಅಂಚಿಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಕನ್ನಡಕ ತೆಗೆದು ಒರೆಸತೊಡಗಿದರು. "ಎಂತಾಯ್ತು?" ಎಂದು ಕೇಳಿದರೆ "ಎಂಜಿನ್ ಹೀಟ್ ಆಗ್ತಾ ಉಂಟು, ಸ್ವಲ್ಪ ತಣಿಯಲಿ" ಎಂದರು. ಹೀಟಿನ ಮುಳ್ಳು ನಟ್ಟನಡುವೆ ಸುಮ್ಮನೆ ನಿಂತಿತ್ತು. ನಾನು ಅದನ್ನು ನೋಡಿದೆ, ಅವರೂ ನೋಡಿದರು. ಪಕ್ಕದಲ್ಲಿ ಲಾರಿಗಳು ಹಾದುಹೋದಾಗಲೆಲ್ಲ ನಮ್ಮ ಕಾರು ನಡುಗುತ್ತಿತ್ತು. ನಾನು "ಹೌದಾ" ಎಂದೆ, ಮತ್ತೆ ನೀರಿನ ಬಾಟಲಿ ಕೊಟ್ಟೆ. ಮಗಳ ಮನೆ ತಲುಪಿದ್ದು ಹೇಗೆಂದರೆ, ನಾನು ಫೋನಿನಲ್ಲಿ ಮ್ಯಾಪ್ ಹಾಕಿ, ಅದರ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಂದೊಂದಾಗಿ ಇವರಿಗೆ ಹೇಳುತ್ತಾ ಹೋದೆ.

ಬ್ರೇಕು ಹಿಡಿದುಕೊಂಡ ವಾರಾಂತ್ಯದಲ್ಲಿ ಮಗಳು ಬಂದಳು. ಬೇಸ್‌ಮೆಂಟಿಗೆ ಇಳಿದು ಕಾರನ್ನೊಮ್ಮೆ ನೋಡಿ ಹೇಳಿದಳು: "ಪಪ್ಪ, ಲೆಟ್ ಇಟ್ ಗೋ. ಹೇಗಿದೆಯೋ ಹಾಗೆಯೇ ಮಾರಿಬಿಡುವ. ನಮ್ಮಲ್ಲಿ ರೂಮ್ ಉಂಟು, ಲಿಫ್ಟ್ ಉಂಟು, ನಾನುಂಟು. ಇನ್ನೆಂತ ಬೇಕು ನಿಮ್ಗೆ?"

"ಫಾಲ್ಟ್ ಎಂತದ್ದೂಂತ ಗೊತ್ತಾಗದೆ ಗಾಡಿ ಮಾರುವವ ಮೆಕ್ಯಾನಿಕ್ಕಾ?"

"ಯು ಆರ್ ರಿಟೈರ್ಡ್, ಪಪ್ಪ."

"ರಿಟೈರ್ ಆದದ್ದು ಕಂಪೆನಿಯಿಂದ ಮಗಾ. ತಲೆಯಿಂದ ಅಲ್ಲ."

ಆಮೇಲೆ ಅವರೇ ಹೇಳಿದರು: "ಮುಲ್ಕಿಯಾ ರಿನ್ಯೂ ಮಾಡ್ಲಿಕ್ಕೆ ಇನ್ನೂ ಸಮಯ ಉಂಟು. ಅದರೊಳಗೆ ಫಾಲ್ಟ್ ನಾನೇ ಹುಡುಕಿದ್ರೆ ಈ ಸುದ್ದಿ ಖಲಾಸ್. ನನ್ನ ಡ್ರೈವಿಂಗಿನ ಬಗ್ಗೆ ಇನ್ನೊಮ್ಮೆ ಯಾರೂ ಬಾಯಿ ತೆಗೀಲಿಕ್ಕಿಲ್ಲ. ಸಿಗದಿದ್ರೆ ಕೀ ನಿನ್ನ ಕೈಗೆ. ನೀನು ಹೇಳಿದಲ್ಲಿಗೆ ಬರ್ತೇನೆ."

"ಪ್ರಾಮಿಸ್?"

"ಪ್ರಾಮಿಸ್."

ಮುಲ್ಕಿಯಾ ಎಂದರೆ ಕಾರಿನ ರಿಜಿಸ್ಟ್ರೇಶನ್. ಅದನ್ನು ಹೊಸದು ಮಾಡಿಸಬೇಕಾದರೆ ಕಾರು ಟೆಸ್ಟಿಂಗ್ ಸೆಂಟರಿಗೆ ಹೋಗಿ ಪಾಸಾಗಬೇಕು, ಬ್ರೇಕು ಸಮೇತ. ಲಿಫ್ಟಿನಲ್ಲಿ ಮಗಳು ನನ್ನ ಕಿವಿಯ ಹತ್ತಿರ ಬಂದು, "ಅಮ್ಮ, ಸಿಗದೆ ಇರ್ಲಿ ಅಂತ ಪ್ರೇ ಮಾಡು" ಎಂದಳು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಪ್ರೇಯರ್ ಮಾಡಲು ಕಲಿಸಿದ್ದರು, ಮನೆಯಲ್ಲಿ ಅಜ್ಜಿ ಕೈಮುಗಿಯಲು ಕಲಿಸಿದ್ದರು; ಗಂಡ ಸೋಲಲಿ ಎಂದು ಕೇಳಿಕೊಳ್ಳುವುದನ್ನು ಇಬ್ಬರೂ ಕಲಿಸಿರಲಿಲ್ಲ.

ಇವರು ಸುಮ್ಮನೆ ಜಂಬ ಕೊಚ್ಚಿದ್ದಲ್ಲ. ಉಡುಪಿಯಿಂದ ಬಂದ ದಿನದಿಂದ ರಿಟೈರಾಗುವವರೆಗೆ ಇಲ್ಲಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. ಕೊನೆಯ ವರ್ಷಗಳಲ್ಲಿ, ಬೇರೆಯವರಿಗೆ ಗೊತ್ತಾಗದ ಫಾಲ್ಟುಗಳೆಲ್ಲ ಇವರ ಟೇಬಲಿಗೇ ಬರುತ್ತಿದ್ದವು. ಇವರ ಪದ್ಧತಿ ಒಂದೇ. ಇಲ್ಲದ್ದನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗು, ಕೊನೆಗೆ ಯಾವುದು ಉಳಿಯುತ್ತದೋ ಅದೇ ಫಾಲ್ಟು, ನಿನಗೆ ಇಷ್ಟವಾಗಲಿ ಬಿಡಲಿ. ಮನೆಯಲ್ಲಿ ಸಾರು ಕೆಟ್ಟರೂ ಹಾಗೆಯೇ. ಬೇಳೆಯಾ? ಅಲ್ಲ. ಹುಣಸೆಯಾ? ಅಲ್ಲ. ನನ್ನ ಕೈಯೇ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದರು.

ನವರಾತ್ರಿ ಮುಗಿದ ದಿನಗಳಲ್ಲಿ ಅವರಿಗೆ ವರ್ಕ್‌ಶಾಪಿನಲ್ಲಿ ಸೀಸನ್. ನಮ್ಮವರೇ, ಬರ್ ದುಬೈಯ ಅಂಗಡಿಯವರು, ಆಫೀಸಿನವರು, ಆಯುಧ ಪೂಜೆ ಮಾಡಿದ ಭಕ್ತಿಯಲ್ಲಿ ಕಾರಿನ ಡ್ಯಾಶ್‌ಬೋರ್ಡಿಗೆ ತೆಂಗಿನಕಾಯಿ ನೀರು ಸುರಿದು, ಸ್ಟೀರಿಂಗಿಗೆ ಅಭಿಷೇಕ ಮಾಡಿ, ಮರುದಿನ ಕಾರು ಎಳೆಸಿಕೊಂಡು ಬರುತ್ತಿದ್ದರು. ಇವರು ಮುಖ ನೋಡದೆ ಬೈಯುತ್ತಿದ್ದರು. "ಬಾನೆಟ್ಟಿಗೆ ಕುಂಕುಮ ಇಡಿ, ಚಕ್ರದಡಿಗೆ ಲಿಂಬೆ ಇಡಿ, ಹೂ ಎಷ್ಟು ಬೇಕಾದ್ರೂ ಹಾಕಿ. ಒಳಗೆ ಒಂದು ಹನಿ ಹಾಕ್ಬೇಡಿ ಮಾರಾಯ್ರೆ. ಒಳಗೆ ಇರುವುದು ವೈರು." ನಮ್ಮ ಮನೆಯ ಪೂಜೆಯಲ್ಲೂ ಅದೇ ಕಾಯಿದೆ. ಹೂವಿನಿಂದ ತೀರ್ಥ ಚಿಮುಕಿಸುವ ಮೊದಲು ಕಿಟಕಿಯ ಗಾಜು ಪೂರ್ತಿ ಏರಿಸಬೇಕು. ಒಮ್ಮೆ ನನ್ನ ಅತ್ತೆ ಊರಿನಿಂದ ಬಂದಿದ್ದಾಗ ಗೇರಿನ ಮೇಲೆ ಅಕ್ಷತೆ ಹಾಕಿದರೆಂದು, ಹೆತ್ತ ತಾಯಿ ಎಂದೂ ನೋಡದೆ, ನಾತೂರನ ಎದುರಿಗೇ ಲೆಕ್ಚರ್ ಕೊಟ್ಟಿದ್ದರು. ನಾತೂರ್ ಎಂದರೆ ಕಟ್ಟಡ ಕಾಯುವವನು. ಪಾಪ, ಅವನು ಲಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

ಹುಡುಕಾಟ ಶುರುವಾಯಿತು. ಬ್ಯಾಟರಿಯ ಶಕ್ತಿ ಕಡಿಮೆಯಾದರೂ ಮಾಡ್ಯೂಲುಗಳು ಬಾಯಿ ಮುಚ್ಚುತ್ತವಂತೆ. ಆದ್ದರಿಂದ ಮೊದಲು ಬ್ಯಾಟರಿ. ಅದು ಸರಿಯಿತ್ತು. ಆಮೇಲೆ ಫ್ಯೂಸು. ಟಾರ್ಚು ಬಿಡಲು ಹೇಳಿ, ಚಿಮಟಿಗೆಯಿಂದ ಒಂದೊಂದೇ ಫ್ಯೂಸು ಎಳೆದು, ಬೆಳಕಿಗೆ ಹಿಡಿದು ನೋಡಿ ವಾಪಸ್ಸು ಇಟ್ಟರು. ಎಲ್ಲ ಸರಿಯಿತ್ತು. ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಮಲಗಿ ಎದ್ದು ಕೆಳಗಿಳಿದೆವು. ಅವರು ಕೈ ಉಜ್ಜಿಕೊಂಡು, "ಬಾ, ಮೊದಲು ಫ್ಯೂಸ್ ನೋಡುವ" ಎಂದರು.

ನಾನು ಟಾರ್ಚು ಬಿಟ್ಟೆ.

ಮರುದಿನವೂ ಬಿಟ್ಟೆ. ಅದರ ಮರುದಿನ "ನಿನ್ನೆ ನೋಡಿದ್ದೀರಲ್ಲ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಏಕೆಂದರೆ ಅವರು ಫ್ಯೂಸನ್ನು ಬೆಳಕಿಗೆ ಹಿಡಿಯುವ ರೀತಿ ಅಷ್ಟು ಚೆಂದವಿತ್ತು. ಮೊದಲ ಸಲ ನೋಡುವವರ ಕುತೂಹಲ. ಹೀಗೆ ಆದರೆ ಫಾಲ್ಟು ಎಂದಿಗೂ ಸಿಗುವುದಿಲ್ಲ, ಬೆಳಿಗ್ಗೆ ಹೊರಟಲ್ಲಿಂದಲೇ ಮರುದಿನ ಬೆಳಿಗ್ಗೆಯೂ ಹೊರಡುತ್ತಾರೆ ಎಂಬುದು ನನಗೆ ಅರ್ಥವಾಗಿತ್ತು. ನಾನು ಸುಮ್ಮನಿದ್ದರೆ ಮಗಳು ಗೆಲ್ಲುತ್ತಾಳೆ. ಬಾಯಿ ಬಿಟ್ಟರೆ ಇವರು ಗೆಲ್ಲಬಹುದು, ಆದರೆ ಮರೆತದ್ದನ್ನು ಅವರ ಮುಖಕ್ಕೆ ಹೇಳಿದಂತೆ. ಮೇಲೆ ಕುಕ್ಕರಿನಲ್ಲಿ ಅನ್ನ ಇಟ್ಟು ಬಂದು, ಕೆಳಗೆ ಈ ತಕ್ಕಡಿ ಹಿಡಿದುಕೊಂಡು ಕೂತಿರುತ್ತಿದ್ದೆ.

ಕೊನೆಗೆ ಒಂದು ಉಪಾಯ ಮಾಡಿದೆ. ಸಂಜೆ ಚಹಾ ಕುಡಿಯುವಾಗ, ನನಗೇನೂ ತಿಳಿಯದವಳ ಹಾಗೆ, "ಇವತ್ತು ಬ್ಯಾಟರಿ ಆಯ್ತು, ಫ್ಯೂಸ್ ಆಯ್ತು ಅಲ್ವಾ? ಎರಡೂ ಅಲ್ಲದಿದ್ರೆ ಮತ್ತೆ ಎಂತದ್ದು ಇರ್ಬಹುದು?" ಎಂದು ಕೇಳಿದೆ. ಅವರು ಕಪ್ಪು ಕೆಳಗಿಟ್ಟು, ಹೊಸದಾಗಿ ಸೇರಿದವನಿಗೆ ಹೇಳುವವರಂತೆ ಹೇಳಿದರು: "ಮತ್ತೆ ಕನೆಕ್ಟರ್. ಕರೆಂಟ್ ಬರ್ತದಾ, ಅರ್ತ್ ಉಂಟಾ, ಮಾತು ಹೋಗುವ ವೈರು ಸರಿ ಉಂಟಾ. ಅದಕ್ಕೆ ನಡುವಿನ ಕನ್ಸೋಲ್ ಬಿಚ್ಚಬೇಕು."

"ಹಾಗಾದ್ರೆ ನಾಳೆ ಅಲ್ಲಿಂದಲೇ ಶುರು ಮಾಡುವನಾ?"

"ನೀನು ಮೆಕ್ಯಾನಿಕ್ ಆದೆಯಾ ಈಗ?" ಎಂದು ನಕ್ಕರು.

ಬೆಳಿಗ್ಗೆ ಅವರು ಕೈ ಉಜ್ಜಿಕೊಳ್ಳುವ ಮೊದಲೇ, "ಇವತ್ತು ಕನ್ಸೋಲ್ ಬಿಚ್ಚುವುದೂಂತ ಹೇಳಿದ್ದೀರಿ" ಎಂದೆ. ಹೌದು ಹೌದು ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡರು. ಆ ದಿನ ಶನಿವಾರ. ಮಗಳೂ ಬಂದಿದ್ದಳು, ಅಪ್ಪನಿಗೆಂದು ಬನಿಯಾಸಿನಿಂದ ಮೀನು ಸಾರು ಮಾಡಿ ತಂದವಳು, ಪಾತ್ರೆಯನ್ನು ಮೇಲಿಟ್ಟು ಕೆಳಗೆ ಬಂದು ಕಂಬಕ್ಕೆ ಒರಗಿ ಫೋನ್ ನೋಡುತ್ತಾ ನಿಂತಿದ್ದಳು.

ಕಪ್ಪು ಇಡುವ ತೂತಿನ ಸುತ್ತಲಿನ ಪಟ್ಟಿ ಬಂತು. ಗೇರಿನ ಸುತ್ತಲಿನ ಚೌಕಟ್ಟು ಬಂತು. ಪಕ್ಕದ ಹಲಗೆ ಟಕ್ಕೆಂದು ಎದ್ದಿತು. ಒಳಗಿನಿಂದ ಒಂದು ಹುಳಿ ವಾಸನೆ ಮುಖಕ್ಕೆ ಬಡಿಯಿತು, ಮುಚ್ಚಿಟ್ಟು ಮರೆತ ಟಿಫಿನ್ ಡಬ್ಬಿಯಂಥದು. "ಟಾರ್ಚ್ ಬಿಡು" ಎಂದರು. ಬಿಟ್ಟೆ.

ಮಾಡ್ಯೂಲಿನ ಮೇಲೆ, ಅದಕ್ಕೆ ವೈರುಗಳು ಬಂದು ಸೇರುವ ಕನೆಕ್ಟರಿನ ಸುತ್ತ, ಕಂದು ಬಣ್ಣದ್ದೇನೋ ಇಳಿದು ಒಣಗಿ ಅಂಟಿಕೊಂಡಿತ್ತು. ಅದರಲ್ಲಿ ಬಾಳೆಹಣ್ಣಿನ ಕಪ್ಪು ನಾರು. ಕುಂಕುಮ ಹತ್ತಿದ ಎರಡು ಕಾಳು ಅಕ್ಕಿ. ಒಂದು ತುಳಸಿ ಎಲೆ, ಕೂದಲೆಳೆಯಷ್ಟು ತೆಳ್ಳಗಾಗಿ. ಅವರು ಕನೆಕ್ಟರನ್ನು ಎಳೆದು ತೆಗೆದರು. ಒಳಗಿನ ಪಿನ್ನುಗಳು ಹಸಿರು ಕಿಲುಬು ಹಿಡಿದಿದ್ದವು. ಉಗುರಿನಿಂದ ಸ್ವಲ್ಪ ಕೆರೆದು ಮೂಸಿ ನೋಡಿದರು.

"ಜೇನು. ತುಪ್ಪ" ಎಂದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಪಂಚಾಮೃತ! ನೋಡು ಮಗಾ, ಪಂಚಾಮೃತ! ಮತ್ತೆ ಇದು ಮಾತಾಡುವುದು ಹೇಗೆ? ಯಾವ ಬೆಪ್ಪ ಮಾಡಿದ್ದು ಇದನ್ನು?"

ಮಗಳು ಫೋನಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು.

ಕಳೆದ ನವಮಿಯ ದಿನ ಮೇಲೆ ಮನೆಯಲ್ಲಿ ನೆಂಟರು ತುಂಬಿದ್ದರು, ನಾನು ಅಂಬೊಡೆ ಕರಿಯುತ್ತಿದ್ದೆ. ಕಾರಿನ ಪೂಜೆ ನಾನೊಬ್ಬನೇ ಮುಗಿಸಿ ಬರುತ್ತೇನೆ ಎಂದು ಇವರು ತಟ್ಟೆ ತೆಗೆದುಕೊಂಡು ಇಳಿದಿದ್ದರು. ಪಂಚಾಮೃತದ ಬಟ್ಟಲು ತುಂಬಿ ಹೋಗಿತ್ತು, ಖಾಲಿಯಾಗಿ ಬಂತು. ನಾತೂರನಿಗೂ ಕಾರು ತೊಳೆಯುವವನಿಗೂ ಕೊಟ್ಟಿರಬೇಕು, ಒಳ್ಳೆಯದಾಯಿತು ಎಂದುಕೊಂಡು ನಾನು ಬಟ್ಟಲು ತೊಳೆದಿಟ್ಟಿದ್ದೆ. ಇವಿಷ್ಟೂ ಆ ಟಾರ್ಚಿನ ಬೆಳಕಿನಲ್ಲಿ ನನಗೆ ಹೊಳೆಯಿತು.

"ನಾನೇ" ಎಂದೆ.

"ಎಂತ ನೀನೇ?"

"ಪೂಜೆಯ ದಿನ. ನಾನೇ ಸುರಿದದ್ದು. ಗೊತ್ತಾಗಲಿಲ್ಲ ನನಗೆ."

ನಮ್ಮ ಮಾರಲ್ ಸೈನ್ಸ್ ಟೀಚರ್, ಬಿಳಿ ಸುಳ್ಳು ಎಂಬುದು ಇಲ್ಲ, ಎಲ್ಲ ಸುಳ್ಳುಗಳ ಬಣ್ಣವೂ ಒಂದೇ ಎನ್ನುತ್ತಿದ್ದರು. ಇರಬಹುದು. ಇವರು ಬಿಟ್ಟ ಬಾಯಿ ಬಿಟ್ಟ ಹಾಗೆಯೇ ನನ್ನನ್ನು ನೋಡಿ, ಆಮೇಲೆ ಶುರು ಮಾಡಿದರು. "ಇಷ್ಟು ವರ್ಷ ನನ್ನೊಟ್ಟಿಗೆ ಇದ್ದು ಇದಾ ಕಲ್ತದ್ದು? ಕಾನ್ವೆಂಟಿನಲ್ಲಿ ನಿನಗೆ ಇಂಗ್ಲಿಷ್ ಒಂದು ಕಲಿಸಿದ್ರು, ಬುದ್ಧಿ ಕಲಿಸ್ಲಿಲ್ಲ. ಅಮ್ಮನಿಗೆ ಬೈದದ್ದು ನಾನು, ಅಕ್ಷತೆ ಹಾಕಿದ್ದಕ್ಕೆ! ನೀನು ಬಟ್ಟಲೇ ಸುರಿದೆಯಾ?" ಬೈಯುತ್ತಾ ಬೈಯುತ್ತಾ ಅವರಿಗೆ ಹುರುಪು ಬಂತು. ಸ್ಪ್ರೇ ಹೊಡೆದು, ಹಳೆಯ ಟೂತ್‌ಬ್ರಶ್ಶಿನಿಂದ ಪಿನ್ನುಗಳನ್ನು ಉಜ್ಜತೊಡಗಿದರು. ಬೆನ್ನು ನೆಟ್ಟಗಾಗಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆ. ನನಗೆ ಸುಖವಾಗಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಆಮೇಲೆ ಉಜ್ಜುವುದು ನಿಧಾನವಾಯಿತು.

"ಕಾರಿನ ಬಾಗಿಲು ನಿನಗೆ ಯಾರು ತೆಗೆದು ಕೊಟ್ಟದ್ದು?" ಎಂದು ಕೇಳಿದರು, ತಲೆಯೆತ್ತದೆ.

"ನೀವೇ ಇರ್ಬೇಕು."

"ನಾನಿದ್ರೆ ಸುರಿಯಲಿಕ್ಕೆ ಬಿಡ್ತಿದ್ನಾ?"

"ಇಲ್ಲ, ನೀವು ಇರ್ಲಿಲ್ಲ ಆಗ."

"ಕೀ ನನ್ನ ಕಿಸೆಯಲ್ಲಿ ಇರುವುದು. ನಾನಿಲ್ಲದಿದ್ರೆ ಕೀ ಇಲ್ಲ." ಬ್ರಶ್ಶು ನಿಂತಿತು. "ಮಗಳು ಆ ದಿನ ಬಂದದ್ದು ಸಂಜೆ. ಇನ್ನೊಂದು ಕೀ ಅವಳ ಹತ್ತಿರ ಇಲ್ಲ."

ನಾನು ಏನೋ ಹೇಳಲು ಹೋದೆ. ಅವರು ಕೈಯೆತ್ತಿ ತಡೆದರು. ಬಯ್ಯುವ ಕೈಯಲ್ಲ, ಎಣಿಸುವಾಗ ನಡುವೆ ಮಾತಾಡಬೇಡ ಎನ್ನುವ ಕೈ. ಒಂದೊಂದಾಗಿ ತೆಗೆದುಹಾಕುತ್ತಿದ್ದಾರೆಂದು ನನಗೆ ಗೊತ್ತಾಯಿತು, ಕೊನೆಗೆ ಯಾವುದು ಉಳಿಯುತ್ತದೆಂದೂ ಗೊತ್ತಿತ್ತು. ಮೇಲಿನ ಪೈಪಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಮಗಳು ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು.

ಅವರು ಪಿನ್ನುಗಳನ್ನು ಮತ್ತೆ ಉಜ್ಜಿದರು, ಬಟ್ಟೆಯಿಂದ ಒರೆಸಿದರು, ಒಣಗುವವರೆಗೆ ಕಾದರು. ಕನೆಕ್ಟರನ್ನು ಸಿಕ್ಕಿಸಿ ಸ್ಕ್ಯಾನರ್ ಹಚ್ಚಿದರು. ಪರದೆಯ ಮೇಲೆ ತಿರುಗುವುದು ತಿರುಗಿ, ಈ ಸಲ ಸಾಲುಸಾಲಾಗಿ ಅಕ್ಷರಗಳು ಮೂಡಿದವು. ಮಾಡ್ಯೂಲು ತನ್ನ ದೂರುಗಳನ್ನೆಲ್ಲ ಒಮ್ಮೆಲೇ ಹೇಳಿಕೊಂಡಿತು. ಅವರು ಅದನ್ನೆಲ್ಲ ಓದಿ, ಅಳಿಸಿ, ಬ್ರೇಕ್ ಪೆಡಲ್ ತುಳಿದು ಸ್ವಿಚ್ಚು ಒತ್ತಿದರು. ಹಿಂದಿನ ಚಕ್ರಗಳ ಬಳಿ ಗುರ್ರೆಂದು ಸದ್ದಾಗಿ ಬ್ರೇಕು ಬಿಟ್ಟಿತು.

"ಯು ವನ್, ಪಪ್ಪ" ಎಂದಳು ಮಗಳು. ಅವಳು ಮಾತು ಉಳಿಸಿಕೊಳ್ಳುವ ಹುಡುಗಿ. ಆ ಕ್ಷಣ ಅವರು "ಹಾಗಾದ್ರೆ ಖಲಾಸ್" ಎಂದಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳು, ಮತ್ತೆ ನಾನು ಇನ್ನೊಂದು ವರ್ಷ ಆ ಹೈವೇಯಲ್ಲಿ ಅವರ ಪಕ್ಕ ಕೂರುತ್ತಿದ್ದೆ.

ಅವರು ಎಂಜಿನ್ ನಿಲ್ಲಿಸಿ ಕೆಳಗಿಳಿದರು. ಕೈ ಒರೆಸಿಕೊಂಡು ಕಿಸೆಯಿಂದ ಕೀ ತೆಗೆದು ಅವಳ ಕೈಯಲ್ಲಿಟ್ಟರು.

"ಪಪ್ಪ, ನಾವು ಮಾತಾಡಿದ್ದು ಹಾಗಲ್ಲ. ನಿಮ್ಗೆ ಫಾಲ್ಟ್ ಸಿಕ್ಕಿತಲ್ಲ."

"ಹೌದು, ಸಿಕ್ಕಿತು" ಎಂದರು. "ಇನ್ನು ನೀನೇ ಓಡಿಸು."

ಮೇಲೆ ಬಂದು ಮೀನು ಸಾರಿನಲ್ಲಿ ಉಂಡೆವು. ಅವರು ಒಂದೇ ಒಂದು ಮಾತಾಡಿದ್ದು ನನ್ನೊಡನೆ, ಕೈ ತೊಳೆಯುವಾಗ: "ಬೈದದ್ದು ಮನಸ್ಸಿಗೆ ಹಚ್ಚಿಕೊಳ್ಬೇಡ."

ಕಾರು ಮಗಳ ಕೈಯಲ್ಲಿ ಪಾಸಿಂಗ್ ಆಗಿ ಬಂತು. ಶೆಕೆ ಶುರುವಾಗುವ ಮೊದಲೇ ನಾವು ಮನೆ ಖಾಲಿ ಮಾಡಿ ಬನಿಯಾಸಿಗೆ ಬಂದೆವು. ಪಾತ್ರೆಗಳಲ್ಲಿ ಅರ್ಧ ಯಾರಿಗೋ ಹೋಯಿತು, ನನ್ನ ಮನಿಪ್ಲಾಂಟ್ ನಾತೂರನಿಗೆ ಹೋಯಿತು. ಇಲ್ಲಿ ಇವರಿಗೆ ದಿನಗಳು ಒಂದಕ್ಕೊಂದು ಅಂಟಿಕೊಂಡವು. ಬೆಳಿಗ್ಗೆ ಎದ್ದು ವರ್ಕ್‌ಶಾಪಿಗೆ ಲೇಟಾಯಿತು ಎನ್ನುವುದು, ಸಂಜೆ ಮಗಳನ್ನು ಅವಳ ಹೆಸರಿಗೆ ಬದಲು ತಮ್ಮ ತಂಗಿಯ ಹೆಸರಿನಿಂದ ಕರೆಯುವುದು. ಕಾರು ಕೆಳಗೆ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ಕೀ ಕೇಳುತ್ತಿದ್ದರು. ಮಾರುವುದೇ ಒಳ್ಳೆಯದು ಎಂದು ಮಗಳು ಜಾಹೀರಾತು ಹಾಕಿದಳು.

ನೋಡಲು ಬಂದವನು ಮೈಸೂರು ಕಡೆಯ ಹುಡುಗ, ಐಟಿ ಕೆಲಸ. ಜೊತೆಗೆ ಹೆಂಡತಿ, ಅವಳ ಹೆಗಲ ಮೇಲೆ ನಿದ್ದೆ ಮಾಡುವ ಮಗು. ನಮ್ಮ ಕನ್ನಡ ಕೇಳಿ ಅವರಿಗೂ ಖುಷಿಯಾಗಿತ್ತು. ಕಾರು ಒಂದು ಸುತ್ತು ಓಡಿಸಿ ಬಂದು ಚಹಾಕ್ಕೆ ಕೂತರು. ಇವರು ಆ ದಿನ ಬಿಳಿ ಶರ್ಟು ಹಾಕಿ, ತಲೆ ಬಾಚಿ, ವರ್ಕ್‌ಶಾಪಿನ ಹಳೆಯ ಗತ್ತಿನಲ್ಲಿ ಕೂತಿದ್ದರು. ಒಂದನ್ನೂ ಮುಚ್ಚಿಡಲಿಲ್ಲ.

"ಪಾರ್ಕಿಂಗ್ ಬ್ರೇಕಿನ ಕನೆಕ್ಟರ್ ಒಮ್ಮೆ ಕಿಲುಬು ಹಿಡಿದಿತ್ತು. ಸ್ಕ್ಯಾನರಿಗೆ ಮಾತೇ ಕೊಡ್ತಿರ್ಲಿಲ್ಲ. ಕ್ಲೀನ್ ಮಾಡಿದ್ದೇನೆ. ಇನ್ನೆಂದಾದ್ರೂ ಹಾಗಾದ್ರೆ ಮಾಡ್ಯೂಲ್ ಚೇಂಜ್ ಮಾಡಿ ಅಂತ ಗ್ಯಾರೇಜಿನವ ಹೇಳಿಯಾನು. ಕೇಳ್ಬೇಡ. ಕನ್ಸೋಲ್ ಬಿಚ್ಚಿ ಅಲ್ಲಿ ನೋಡು."

"ಅಲ್ಲಿಗ್ ಹೆಂಗ್ ನೀರ್ ಹೋಯ್ತು ಅಂಕಲ್?"

"ನೀರಲ್ಲ, ಪಂಚಾಮೃತ." ಇವರು ನನ್ನ ಕಡೆ ಹೆಬ್ಬೆರಳು ತೋರಿಸಿದರು. "ಈ ಮಹಾರಾಣಿ. ಆಯುಧ ಪೂಜೆಗೆ ಬಟ್ಟಲೇ ಕವುಚಿದ್ದು. ಕಾನ್ವೆಂಟಿನಲ್ಲಿ ಕಲ್ತವಳು ನೋಡು."

ಹುಡುಗ ನಕ್ಕ, ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಮಗಳು ಚಹಾದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಇವರ ಮುಖವನ್ನು ಹುಡುಕಿದೆ. ಅಲ್ಲಿ ಏನೂ ಅಡಗಿರಲಿಲ್ಲ. ಬೇಸ್‌ಮೆಂಟಿನಲ್ಲಿ ಅವರು ಎಣಿಸಿ ಎಣಿಸಿ ಕಂಡುಕೊಂಡದ್ದು ಹೋಗಿಬಿಟ್ಟಿತ್ತು. ನಾನು ಹೇಳಿದ್ದೊಂದು ಉಳಿದಿತ್ತು.

"ಹೌದಪ್ಪ, ನಾನೇ" ಎಂದೆ.

"ಗಾಡಿ ಈಗ ಸೂಪರ್ರಾಗಿದೆಯಲ್ಲ ಅಂಕಲ್" ಎಂದ ಹುಡುಗ, "ಮತ್ತ್ಯಾಕ್ ಮಾರ್ತಿದೀರಾ?"

ಇವರು ಉತ್ತರ ಕೊಡಲು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ಇತ್ತು. ಕಣ್ಣು ಹುಡುಗನ ಮೇಲಿಂದ ಕಿಟಕಿಗೆ ಹೋಯಿತು, ಕಿಟಕಿಯಿಂದ ಮೇಜಿನ ಮೇಲಿದ್ದ ಕೀಗೆ, ಕೀಯಿಂದ ನನಗೆ. ನಾನು ಹೇಳುತ್ತೇನೆಂದು ಕಾದು ಕೂತರು.

"ನನಗೋಸ್ಕರ" ಎಂದೆ. "ಕಾರಿನಲ್ಲಿ ಕೂತ್ರೆ ನನಗೆ ತಲೆ ತಿರುಗ್ತದೆ."

"ಅದೇ, ಅದೇ" ಎಂದು ಇವರು ಉಸಿರು ಬಿಟ್ಟರು. "ಇವಳಿಗೆ ತಲೆ ತಿರುಗುವುದು. ಇಲ್ಲದಿದ್ರೆ ನಾನು ಕೊಡ್ತಿದ್ನಾ?"

ಹುಡುಗನ ಹೆಂಡತಿ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಅಕ್ಕರೆಯಿಂದ ನನ್ನ ಕಡೆ ಬಾಗಿದಳು. "ಆಂಟಿ, ಕಾರಲ್ಲಿ ಹೋಗೋವಾಗ ಬಾಯಲ್ಲಿ ಒಂದು ಚೂರು ಶುಂಠಿ ಇಟ್ಕೊಳಿ. ನಮ್ಮಮ್ಮಂಗೂ ಹಂಗೇ ಆಗ್ತಿತ್ತು."

"ಆಯ್ತಮ್ಮ, ಇಟ್ಕೊಳ್ತೇನೆ" ಎಂದೆ.